ಗದ್ದಲ ನಿಯಂತ್ರಕ ಶ್ರವಣ ತರಬೇತಿ ಸಾಧನ

ಗದ್ದಲ ನಿಯಂತ್ರಕ ಶ್ರವಣ ತರಬೇತಿ ಸಾಧನ ಎಂಬುದು ಶ್ರವಣದೋಷವುಳ್ಳವರಿಗೆ ಮಾತನ್ನು ಗದ್ದಲದ ನಡುವೆ ಗುರುತಿಸುವ ಅಭ್ಯಾಸ ಮಾಡಿಸಲು ಬಳಸುವ, ಕೈಯಲ್ಲಿ ಹಿಡಿದೊಯ್ಯಬಹುದಾದ ವಿದ್ಯುನ್ಮಾನ ಉಪಕರಣ. ಹೆಸರನ್ನು ಕೇಳಿದೊಡನೆ ಇದು ಗದ್ದಲವನ್ನು ಅಡಗಿಸುವ ಯಂತ್ರವೆಂದು ತೋರಬಹುದು. ವಾಸ್ತವದಲ್ಲಿ ಇದು ಗದ್ದಲವನ್ನು ಉಂಟುಮಾಡುತ್ತದೆ. ಆದರೆ ಬೀದಿಯ ಗದ್ದಲದಂತೆ ಮನಬಂದಷ್ಟಲ್ಲ. ಔಷಧವನ್ನು ಚಮಚದಲ್ಲಿ ಅಳೆದು ಕೊಡುವಂತೆ, ಕಲಿಯುವವನು ತಾಳಬಲ್ಲಷ್ಟನ್ನೇ ಅಳೆದು ಕೊಡುತ್ತದೆ. ಮಾತು ಒಂದೇ ಮಟ್ಟದಲ್ಲಿ ಕೇಳಿಸುತ್ತಿರುವಾಗ ಹಿನ್ನೆಲೆಯ ಗದ್ದಲವನ್ನು ಹಂತಹಂತವಾಗಿ ಏರಿಸುವುದು ಇದರ ಕೆಲಸ. ಶ್ರವಣ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಧರಿಸಿದ ಮಕ್ಕಳು, ಇಳಿವಯಸ್ಸಿನಲ್ಲಿ ಕೇಳುವ ಶಕ್ತಿ ಕುಂದಿದವರು, ಕಿವಿ ಸರಿಯಿದ್ದೂ ಗದ್ದಲದಲ್ಲಿ ಮಾತು ಹಿಡಿಯಲಾರದ ಶಾಲಾಮಕ್ಕಳು ಇದರ ಮುಖ್ಯ ಬಳಕೆದಾರರು.

ಕನ್ನಡದಲ್ಲಿ ‘ಶಬ್ದ’ ಎಂಬ ಪದಕ್ಕೆ ಸದ್ದು ಎಂದೂ ಪದ ಎಂದೂ ಎರಡರ್ಥಗಳಿರುವುದರಿಂದ ಈ ವಿಷಯದಲ್ಲಿ ಗೊಂದಲವಾಗುವುದು ಸುಲಭ. ಈ ಲೇಖನದಲ್ಲಿ ಕೇಳಿಸಿಕೊಳ್ಳಬೇಕಾದುದನ್ನು ‘ಮಾತು’ ಎಂದೂ ಅದಕ್ಕೆ ಅಡ್ಡಬರುವುದನ್ನು ‘ಗದ್ದಲ’ ಎಂದೂ ಕರೆಯಲಾಗಿದೆ.

ಅಗತ್ಯ

ಶ್ರವಣ ಸಾಧನವನ್ನು ಕನ್ನಡಕಕ್ಕೆ ಹೋಲಿಸುವ ರೂಢಿಯಿದೆ. ಹೋಲಿಕೆ ಅರ್ಧ ಮಾತ್ರ ನಿಜ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಸ್ಫುಟವಾಗುತ್ತದೆ. ಶ್ರವಣ ಸಾಧನ ಹಾಕಿದ ಕೂಡಲೇ ಎಲ್ಲವೂ ದೊಡ್ಡದಾಗಿ ಕೇಳಿಸುತ್ತದೆಯೇ ಹೊರತು ಎಲ್ಲವೂ ಸ್ಪಷ್ಟವಾಗುವುದಿಲ್ಲ. ಕಾರಣ ಒಳಗಿವಿಯಲ್ಲಿದೆ. ಮನುಷ್ಯನ ಪ್ರತಿಯೊಂದು ಕಾಕ್ಲಿಯಾದಲ್ಲಿ ಸುಮಾರು 3,500 ಒಳ ಕೇಶಕೋಶಗಳೂ ಸುಮಾರು 12,000 ಹೊರ ಕೇಶಕೋಶಗಳೂ ಇರುತ್ತವೆ. ಒಳಸಾಲಿನವು ಧ್ವನಿಯ ಸುದ್ದಿಯನ್ನು ನರಕ್ಕೆ ಮುಟ್ಟಿಸುತ್ತವೆ. ಹೊರಸಾಲಿನವು ಕ್ಷೀಣ ಧ್ವನಿಯನ್ನು ಹಿಗ್ಗಿಸುವುದರ ಜೊತೆಗೆ, ಹತ್ತಿರ ಹತ್ತಿರದ ಸ್ವರಗಳನ್ನು ಬೇರೆಬೇರೆಯಾಗಿ ಬಿಡಿಸಿ ಕೊಡುತ್ತವೆ. ಒಳಗಿವಿಯ ದೋಷಗಳಲ್ಲಿ ಸಾಮಾನ್ಯವಾಗಿ ಮೊದಲು ನಷ್ಟವಾಗುವುದು ಈ ಹೊರ ಕೋಶಗಳು. ಆಗ ಹಿಗ್ಗಿಸುವ ಕೆಲಸವನ್ನು ಯಂತ್ರ ವಹಿಸಿಕೊಳ್ಳಬಲ್ಲದು. ಬಿಡಿಸುವ ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಲಾರದು. ಮಾತೂ ಗದ್ದಲವೂ ಒಟ್ಟಿಗೆ ಹಿಗ್ಗಿ, ಕಲಸಿದ ಹಿಟ್ಟಿನಂತೆ ಮಿದುಳನ್ನು ಸೇರುತ್ತವೆ.

ಮಿದುಳು ಈ ಕಲಸಿದ್ದನ್ನು ಮತ್ತೆ ಬಿಡಿಸಲು ಅಭ್ಯಾಸದಿಂದ ಒಂದಿಷ್ಟು ಕಲಿಯಬಲ್ಲದು. ಶ್ರವಣ ತರಬೇತಿಯ ಆಧಾರ ಇದೇ. ಆದರೆ ತರಬೇತಿ ನಡೆಯುವುದು ಚಿಕಿತ್ಸಾಲಯದ ಗೋಡೆಗೆ ಮೆತ್ತೆ ಹೊದಿಸಿದ ನಿಶ್ಶಬ್ದ ಕೋಣೆಯಲ್ಲಿ. ಬದುಕು ನಡೆಯುವುದು ಬೇರೆಡೆ. ಕೋಣೆಯಲ್ಲಿ ಹತ್ತಕ್ಕೆ ಹತ್ತು ಪದಗಳನ್ನು ಸರಿಯಾಗಿ ಹೇಳಿದ ಮಗು ತರಗತಿಯಲ್ಲಿ ‘ಪುಸ್ತಕ ತೆಗೆ’ ಎಂದರೆ ಪಕ್ಕದವನ ಕೈ ನೋಡುತ್ತದೆ. ಪಾಠ ಹೇಳಿ ಅನುಭವವಿರುವ ಯಾರಿಗೂ ಇಂಥ ಮಗು ಅಪರಿಚಿತವಲ್ಲ. ಕರೆದರೆ ತಿರುಗುತ್ತದೆ, ಹತ್ತಿರ ಕೂರಿಸಿ ಕೇಳಿದರೆ ಉತ್ತರಿಸುತ್ತದೆ. ಆದ್ದರಿಂದಲೇ ಅದಕ್ಕೆ ‘ಗಮನ ಕೊಡುವುದಿಲ್ಲ’ ಎಂಬ ಹೆಸರು ಬರುತ್ತದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು ಮಂದ ಶ್ರವಣದವರೆಂದೂ, 70 ಡೆಸಿಬೆಲ್ ನಷ್ಟವಿರುವವರನ್ನು ಕಿವುಡರೆಂದೂ ನಿರೂಪಿಸುತ್ತದೆ. 40 ಅಥವಾ 45 ಡೆಸಿಬೆಲ್ ನಷ್ಟದ ಮಗು ಈ ಎರಡೂ ಪಟ್ಟಿಗಳ ಹೊರಗೆ ಉಳಿಯುತ್ತದೆ. ಗದ್ದಲದ ತರಗತಿಯಲ್ಲಿ ಅದು ಕಳೆದುಕೊಳ್ಳುವ ಪಾಠ ಮಾತ್ರ ಕಡಿಮೆಯದಲ್ಲ.

ಮೈಸೂರಿನ ಹಿನ್ನೆಲೆ

ಭಾರತದಲ್ಲಿ ಶ್ರವಣ ವಿಜ್ಞಾನದ ವ್ಯವಸ್ಥಿತ ಅಧ್ಯಯನಕ್ಕೂ ಮೈಸೂರಿಗೂ ನಿಕಟ ಸಂಬಂಧವಿದೆ. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಸ್ವಾಯತ್ತ ಸಂಸ್ಥೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಲ್ಲಿ ಇಲ್ಲಿ ಆರಂಭವಾಯಿತು. ಊರಿನವರು ‘ಆಯಿಷ್’ ಎಂದೇ ಕರೆಯುವ ಈ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಶ್ರವಣ ಪರೀಕ್ಷೆ, ಕಿವಿಯ ಅಚ್ಚು ತಯಾರಿಕೆ, ಶ್ರವಣ ಸಾಧನಗಳ ಹೊಂದಾಣಿಕೆ ಮತ್ತು ದುರಸ್ತಿ, ಶ್ರವಣದೋಷವುಳ್ಳ ಮಕ್ಕಳ ಶಾಲಾಪೂರ್ವ ಶಿಕ್ಷಣ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ನಗರದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆಯೂ ಇದೆ. ಕಿವುಡ ಮಕ್ಕಳ ತಂದೆತಾಯಿಯರ ಸಂಘದ ಶಾಲೆಯೊಂದರಲ್ಲಿ ಮಗುವಿನೊಂದಿಗೆ ತಾಯಿಯೂ ದಿನವೂ ತರಗತಿಯಲ್ಲಿ ಕುಳಿತು ಕಲಿಯುವ ಪದ್ಧತಿಯಿದೆ. ತರಬೇತಿಯ ಬಹುಪಾಲು ಮನೆಯಲ್ಲಿ, ತಾಯಿಯ ಕೈಯಲ್ಲಿ ನಡೆಯಬೇಕೆಂಬ ತಿಳಿವಳಿಕೆ ಈ ಊರಿಗೆ ಹೊಸತಲ್ಲ.

ಗದ್ದಲವನ್ನೇ ತರಬೇತಿಯ ಸಾಮಗ್ರಿಯಾಗಿ ಬಳಸುವ ವಿಚಾರವನ್ನು ಅಮೆರಿಕದ ಜ್ಯಾಕ್ ಕಾಟ್ಜ್ ಮತ್ತು ಬರ್ಜ್ 1971ರಲ್ಲಿ ಮಂಡಿಸಿದ್ದರು. ಆಯಿಷ್‌ನ ಆಶಾ ಯತಿರಾಜ್ ಮತ್ತು ಅಕ್ಷಯ್ ರಾಜ್ ಮಗ್ಗು ಅವರು ಇದನ್ನು ಗದ್ದಲದಲ್ಲಿ ಮಾತು ಗ್ರಹಿಸಲು ಕಷ್ಟಪಡುತ್ತಿದ್ದ ಶಾಲಾಮಕ್ಕಳ ಸಣ್ಣ ಗುಂಪೊಂದರ ಮೇಲೆ ಪ್ರಯೋಗಿಸಿ, 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗದ್ದಲವನ್ನು ಕ್ರಮಕ್ರಮವಾಗಿ ಹೆಚ್ಚಿಸುತ್ತ ತರಬೇತಿ ಪಡೆದ ಮಕ್ಕಳು ಸುಧಾರಿಸಿದರು. ಗದ್ದಲಕ್ಕೆ ಒಗ್ಗಿಸುವ ಈ ಕ್ರಮವನ್ನು ಕನ್ನಡದಲ್ಲಿ ‘ಗದ್ದಲ ಸಹನಾ ತರಬೇತಿ’ ಎನ್ನಬಹುದು. ಅಲ್ಲಿನ ಮಕ್ಕಳದು ಕಿವಿಯ ದೋಷವಲ್ಲ, ಕೇಳಿದ್ದನ್ನು ಸಂಸ್ಕರಿಸುವಲ್ಲಿನ ತೊಡಕು ಎಂಬುದನ್ನು ಮರೆಯಬಾರದು. ಶ್ರವಣದೋಷದ ಮಕ್ಕಳಿಗೆ ಅದೇ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ.

ಸಾಧನವು ಒಯ್ಯುವಂತಿರಬೇಕು ಎಂಬುದರ ಕಾರಣ ಊರಿನ ಭೂಪಟದಲ್ಲಿಯೇ ಕಾಣುತ್ತದೆ. ನಗರದ ದಕ್ಷಿಣ ಭಾಗದ ವಿದ್ಯಾರಣ್ಯಪುರಂನಂಥ ಬಡಾವಣೆಯಿಂದ ಮಾನಸಗಂಗೋತ್ರಿಗೆ ಹೋಗಿಬರಲು ತಾಯಿಗೆ ಅರ್ಧ ದಿನ ಬೇಕು. ಚಾಮರಾಜನಗರ ಅಥವಾ ಕೊಡಗಿನಿಂದ ಬರುವವರಿಗೆ ಇಡೀ ದಿನ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಸಿಗುವ ತರಬೇತಿ ಉಳಿದ ಆರು ದಿನಗಳನ್ನು ತುಂಬಲಾರದು. ಮನೆಯಲ್ಲಿಯೂ ಗದ್ದಲವಿದೆಯಲ್ಲ, ಅದರ ನಡುವೆಯೇ ಅಭ್ಯಾಸ ಮಾಡಿಸಬಾರದೇ ಎಂಬ ಪ್ರಶ್ನೆ ಸಹಜ. ಮಿಕ್ಸಿ, ಕುಕ್ಕರ್‌ನ ಸೀಟಿ, ಟಿವಿ, ತರಕಾರಿ ಗಾಡಿಯ ಧ್ವನಿಮುದ್ರಿತ ಕೂಗು, ಗಣೇಶನ ಹಬ್ಬದ ಧ್ವನಿವರ್ಧಕ ಇವು ಯಾವುದೂ ಮಗುವಿನ ಸಾಮರ್ಥ್ಯವನ್ನು ಕೇಳಿ ಬರುವುದಿಲ್ಲ. ಒಮ್ಮೆ ತೀರ ಸುಲಭ, ಮರುಕ್ಷಣ ಅಸಾಧ್ಯ. ಅಸಾಧ್ಯವಾದುದನ್ನು ಮೇಲಿಂದ ಮೇಲೆ ಎದುರಿಸಿದ ಮಗು ಕೇಳುವ ಪ್ರಯತ್ನವನ್ನೇ ಬಿಡುತ್ತದೆ.

ಮೂಲ ಅಳತೆ

ಈ ಸಾಧನದ ಎಲ್ಲ ಲೆಕ್ಕವೂ ಒಂದು ಸಂಖ್ಯೆಯ ಸುತ್ತ ಸುತ್ತುತ್ತದೆ: ಮಾತಿನ ಮಟ್ಟದಿಂದ ಗದ್ದಲದ ಮಟ್ಟವನ್ನು ಕಳೆದರೆ ಉಳಿಯುವ ಡೆಸಿಬೆಲ್. ಇದನ್ನು ಮಾತು–ಗದ್ದಲ ಅಂತರ ಎನ್ನೋಣ. ಮಾತು 65 ಡೆಸಿಬೆಲ್, ಗದ್ದಲ 50 ಆದರೆ ಅಂತರ +15. ಎರಡೂ ಸಮವಾದರೆ ಸೊನ್ನೆ. ಗದ್ದಲವೇ ಮೇಲಾದರೆ ಋಣಸಂಖ್ಯೆ. ಕಿವಿ ಸರಿಯಿರುವ ವಯಸ್ಕರು ಅಂತರ ಸೊನ್ನೆಯಿದ್ದರೂ ಪರಿಚಿತ ಭಾಷೆಯ ವಾಕ್ಯಗಳ ಬಹುಪಾಲನ್ನು ಹಿಡಿಯಬಲ್ಲರು. ಶ್ರವಣದೋಷವುಳ್ಳ ಮಕ್ಕಳಿಗೆ ತರಗತಿಯಲ್ಲಿ ಕನಿಷ್ಠ +15 ಅಂತರ ಬೇಕೆಂಬುದು ಶ್ರವಣ ತಜ್ಞರ ಸಾಮಾನ್ಯ ಶಿಫಾರಸು.

ತರಗತಿಗಳಲ್ಲಿ ಇದು ದೊರೆಯುವುದು ಅಪರೂಪ. ಶಿಕ್ಷಕರ ಮಾತು ಒಂದು ಮೀಟರ್ ದೂರದಲ್ಲಿ 65 ಡೆಸಿಬೆಲ್ ಇದೆಯೆಂದುಕೊಳ್ಳೋಣ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ: ಎರಡು ಮೀಟರಿಗೆ 59, ನಾಲ್ಕು ಮೀಟರಿಗೆ 53. ಫ್ಯಾನು, ಪಕ್ಕದ ತರಗತಿಯ ಮಗ್ಗಿ, ರಸ್ತೆ ಎಲ್ಲ ಸೇರಿ ಗದ್ದಲ 55 ಇದ್ದರೆ ಮೂರನೆಯ ಸಾಲಿನ ಮಗುವಿಗೆ ಅಂತರ −2. ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದ ಮಟ್ಟ ಇಷ್ಟು ಬೇಗ ಇಳಿಯುವುದಿಲ್ಲ ನಿಜ. ಆದರೆ ಆ ಪ್ರತಿಫಲನವೇ ಅನುರಣನವಾಗಿ ಅಕ್ಷರಗಳ ಮೇಲೆ ಅಕ್ಷರ ಹೇರುತ್ತದೆ. ಖಾಲಿ ತರಗತಿಯ ಗದ್ದಲ 35 ಡೆಸಿಬೆಲ್ ಮೀರಬಾರದು, ಅನುರಣನ ಕಾಲ 0.6 ಸೆಕೆಂಡ್ ಮೀರಬಾರದು ಎಂಬುದು ಅಮೆರಿಕದ ಮಾನಕ. ನಮ್ಮಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಮಿತಿಯನ್ನೂ, ಶಾಲೆ ಆಸ್ಪತ್ರೆಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40ರ ಮಿತಿಯನ್ನೂ ವಿಧಿಸಿವೆ. ಅಂದರೆ ನಿಯಮ ಪೂರ್ತಿಯಾಗಿ ಪಾಲನೆಯಾದ ಬೀದಿಯಲ್ಲಿಯೂ ಕಿಟಕಿ ತೆರೆದರೆ ಈ ಮಗುವಿನ ಪಾಲಿಗೆ ಗದ್ದಲ ಇದ್ದೇ ಇರುತ್ತದೆ.

ರಚನೆ

ಸಾಧನದೊಳಗೆ ಎರಡು ಧ್ವನಿಮಾರ್ಗಗಳಿರುತ್ತವೆ. ಒಂದರಲ್ಲಿ ಮೊದಲೇ ಮುದ್ರಿಸಿಟ್ಟ ಮಾತು, ಇನ್ನೊಂದರಲ್ಲಿ ಗದ್ದಲ. ಎರಡನ್ನೂ ಮೆಮೊರಿ ಕಾರ್ಡಿನಿಂದ ಓದಿ, ಗದ್ದಲವನ್ನು ಮಾತ್ರ ಬೇಕಾದ ಪ್ರಮಾಣಕ್ಕೆ ತಗ್ಗಿಸಿ, ಎರಡನ್ನೂ ಕೂಡಿಸಿ ಸ್ಪೀಕರಿಗೆ ಕಳುಹಿಸುವುದು ಪುಟ್ಟ ಮೈಕ್ರೊಕಂಟ್ರೋಲರಿನ ಕೆಲಸ. ತಗ್ಗಿಸುವುದೆಂದರೆ ಗುಣಾಕಾರವಷ್ಟೇ: ಧ್ವನಿಯಲೆಯ ಎತ್ತರವನ್ನು 0.5ರಿಂದ ಗುಣಿಸಿದರೆ 6 ಡೆಸಿಬೆಲ್ ಇಳಿಯುತ್ತದೆ, 0.79ರಿಂದ ಗುಣಿಸಿದರೆ 2 ಡೆಸಿಬೆಲ್. ಆದ್ದರಿಂದ ಗದ್ದಲಕ್ಕೆ ತಿರುಗಿಸುವ ಗುಂಡಿ ಇಡುವುದಕ್ಕಿಂತ ಒಂದೊತ್ತಿಗೆ 2 ಡೆಸಿಬೆಲ್ ಏರಿಳಿಯುವ ಒತ್ತುಗುಂಡಿ ಇಡುವುದು ಮೇಲು. ತಿರುಗಿಸುವ ಗುಂಡಿಯನ್ನು ನಿನ್ನೆಯ ಜಾಗಕ್ಕೇ ಇಂದು ತಿರುಗಿಸಲಾಗುವುದಿಲ್ಲ.

ಮಾತು ಮತ್ತು ಗದ್ದಲ ಒಂದೇ ಸ್ಪೀಕರಿನಿಂದ ಹೊರಡುವಂತೆ ಮಾಡುವುದರಲ್ಲಿ ದೊಡ್ಡ ಅನುಕೂಲವೊಂದಿದೆ. ಮಗು ಹಿಂದೆ ಸರಿದರೂ ಮುಂದೆ ಬಂದರೂ ಎರಡೂ ಒಟ್ಟಿಗೆ ಇಳಿದು ಏರುವುದರಿಂದ ಅವುಗಳ ನಡುವಿನ ಅಂತರ ಬದಲಾಗದು. ಮಕ್ಕಳು ಒಂದೆಡೆ ಕೂರುವುದಿಲ್ಲ ಎಂಬ ಸತ್ಯವನ್ನು ಒಪ್ಪಿಕೊಂಡ ವಿನ್ಯಾಸ ಇದು. ಬದುಕಿನಲ್ಲಿ ಮಾತು ಎದುರಿನಿಂದ, ಗದ್ದಲ ಪಕ್ಕದಿಂದ ಬರುವುದೇ ಹೆಚ್ಚು. ಎರಡು ಕಿವಿಗಳ ನೆರವಿನಿಂದ ದಿಕ್ಕು ಬೇರ್ಪಡಿಸಿ ಕೇಳುವುದೂ ಒಂದು ಕೌಶಲ. ಅದಕ್ಕಾಗಿ ಬೇಕೆಂದಾಗ ಜೋಡಿಸಬಹುದಾದ ಎರಡನೆಯ ಸ್ಪೀಕರಿಗೆ ಕಿಂಡಿ ಬಿಟ್ಟಿರಬೇಕು. ದಿಕ್ಕು ಬೇರೆಯಾದಾಗ ಕೇಳುವುದು ಸುಲಭವಾಗುವುದರಿಂದ ಆರಂಭಿಕರಿಗೆ ಎರಡು ಸ್ಪೀಕರ್, ಪಳಗಿದವರಿಗೆ ಒಂದು ಎಂಬ ಕ್ರಮವೂ ಸಾಧ್ಯ.

ಸ್ಪೀಕರಿನ ಆಯ್ಕೆಯಲ್ಲಿ ಜಿಪುಣತನ ಸಲ್ಲದು. ‘ಸ’ಕಾರದ ಶಕ್ತಿ 4,000 ಹರ್ಟ್ಸ್‌ಗಿಂತ ಮೇಲಿದೆ; ‘ಊ’ ಸ್ವರದ ಮುಖ್ಯ ಗುರುತು 300 ಹರ್ಟ್ಸ್ ಸಮೀಪದಲ್ಲಿದೆ. ಆಟಿಕೆಗಳಲ್ಲಿರುವ ನಾಣ್ಯದಗಲದ ಸ್ಪೀಕರ್ ಕೆಳಗಿನದನ್ನು ನುಂಗುತ್ತದೆ. ಅಗ್ಗದ ಧ್ವನಿಮುದ್ರಣ ಮೇಲಿನದನ್ನು ಕತ್ತರಿಸುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದ ಮೂರು ಅಂಗುಲದ ಸ್ಪೀಕರ್ ಎತ್ತಿಕೊಂಡು ಹೋಗುವುದಕ್ಕೂ ಹಗುರ, ಮಾತಿಗೂ ಸಾಕು. ಮಾತಿನ ಶಿಖರಗಳು ಅದರ ಸರಾಸರಿಗಿಂತ ಸುಮಾರು 12 ಡೆಸಿಬೆಲ್ ಎತ್ತರದಲ್ಲಿರುತ್ತವೆ. ಅದಕ್ಕೆ ಜಾಗ ಬಿಡದೆ ಧ್ವನಿಯನ್ನು ತುಂಬಿದರೆ ಶಿಖರಗಳು ಕತ್ತರಿಸಿಹೋಗಿ ಮಾತು ಒಡೆಯುತ್ತದೆ. ಆಗ ಮಗು ತಪ್ಪುವುದು ಕಿವಿಯ ದೋಷದಿಂದಲ್ಲ, ಪೆಟ್ಟಿಗೆಯ ದೋಷದಿಂದ.

ಮೈಕ್ರೊಫೋನ್ ಏಕೆ ಬೇಕೆಂಬುದು ಮೊದಲ ನೋಟಕ್ಕೆ ಹೊಳೆಯದು, ಏಕೆಂದರೆ ಸಾಧನ ಏನನ್ನೂ ಮುದ್ರಿಸಿಕೊಳ್ಳುವುದಿಲ್ಲ. ಅದು ಕೋಣೆಯ ಸ್ವಂತ ಗದ್ದಲವನ್ನು ಅಳೆಯಲು ಬೇಕು. ಮಾತು 65, ಸಾಧನದ ಗದ್ದಲ 50 ಎಂದು ಹೊಂದಿಸಿದ್ದೇವೆ. ಪರದೆಯ ಮೇಲೆ +15 ಎಂದಿದೆ. ಹೊರಗಿನ ಬೀದಿಯಿಂದ 55 ಡೆಸಿಬೆಲ್ ಒಳಬರುತ್ತಿದೆ. ಡೆಸಿಬೆಲ್‌ಗಳನ್ನು ನೇರವಾಗಿ ಕೂಡಿಸುವಂತಿಲ್ಲ; ಶಕ್ತಿಯ ಲೆಕ್ಕದಲ್ಲಿ ಕೂಡಿಸಿದರೆ 50 ಮತ್ತು 55 ಸೇರಿ ಸುಮಾರು 56 ಆಗುತ್ತದೆ. ನಿಜವಾದ ಅಂತರ +9 ಮಾತ್ರ. ಮಗು ಸೋಲುತ್ತದೆ, ತಾಯಿ ‘ನಿನ್ನೆ ಬರುತ್ತಿತ್ತಲ್ಲ’ ಎನ್ನುತ್ತಾಳೆ, ಇಬ್ಬರಿಗೂ ಕಾರಣ ತಿಳಿಯದು. ಕೋಣೆಯ ಗದ್ದಲ ಸಾಧನದ ಗದ್ದಲಕ್ಕಿಂತ 10 ಡೆಸಿಬೆಲ್ ಕೆಳಗಿಲ್ಲದಿದ್ದರೆ ಕೆಂಪು ದೀಪ ಹತ್ತಿ ತರಬೇತಿ ನಿಲ್ಲುವಂತೆ ಮಾಡಿದರೆ ಈ ಅನ್ಯಾಯ ತಪ್ಪುತ್ತದೆ. ಕೆಂಪು ದೀಪ ಹತ್ತಿದಾಗ ಕಿಟಕಿ ಮುಚ್ಚಿ ಫ್ಯಾನು ನಿಲ್ಲಿಸಬಹುದು, ಇಲ್ಲವೆ ಬೆಳಗಿನ ಹೊತ್ತಿಗೆ ಕಾಯಬಹುದು.

ಇದೆಲ್ಲವನ್ನೂ ಮೊಬೈಲ್ ಫೋನಿನಲ್ಲಿಯೇ ಮಾಡಬಹುದೆಂಬ ವಾದವಿದೆ. ಧ್ವನಿ ನುಡಿಸಲು ಫೋನು ಸಾಕು. ಆದರೆ ಒಂದೊಂದು ಫೋನಿನ ಸ್ಪೀಕರೂ ಒಂದೊಂದು ಬಗೆ. ಫೋನು ತನ್ನಷ್ಟಕ್ಕೆ ಧ್ವನಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ನಡುವೆ ಕರೆ ಬರುತ್ತದೆ. ಒಮ್ಮೆ ಅಳೆದು ಮುದ್ರೆಯೊತ್ತಿದ ಬೇರೆಯೇ ಪೆಟ್ಟಿಗೆ ಇರುವುದರ ಲಾಭ ನಂಬಿಕೆಯದು.

ಗದ್ದಲದ ಬಗೆಗಳು

ಎಲ್ಲ ಗದ್ದಲವೂ ಒಂದೇ ತೆರನಾಗಿ ಮಾತನ್ನು ಮುಚ್ಚುವುದಿಲ್ಲ. ಫ್ಯಾನಿನಂಥ ಏಕರೂಪದ ಸದ್ದು ಸಮವಾದ ತೆರೆಯನ್ನು ಎಳೆಯುತ್ತದೆ. ಬೀದಿಯ ಸದ್ದು ಏರಿಳಿಯುತ್ತದೆ. ಆ ಇಳಿತದ ಕಿಂಡಿಗಳಲ್ಲಿ ಮಾತನ್ನು ಹೆಕ್ಕಿಕೊಳ್ಳುವ ಕಲೆ ಸಹಜ ಶ್ರವಣದವರಿಗೆ ಸಿದ್ಧಿಸಿರುತ್ತದೆ, ಶ್ರವಣದೋಷವುಳ್ಳವರಿಗೆ ಅದರ ಲಾಭ ಕಡಿಮೆ. ಎಲ್ಲಕ್ಕಿಂತ ಕಠಿಣವಾದುದು ಹಲವು ಜನರ ಮಾತಿನ ಕಲಕಲ. ಮದುವೆ ಮನೆಯ ಊಟದ ಹಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಗದ್ದಲವೂ ಮಾತೇ ಆಗಿರುವುದರಿಂದ ಅದು ಕಿವಿಯನ್ನಲ್ಲದೆ ಮನಸ್ಸನ್ನೂ ಸೆಳೆಯುತ್ತದೆ. ಇಂಗ್ಲೆಂಡಿನ ಕಾಲಿನ್ ಚೆರ್ರಿ 1953ರಲ್ಲಿ ವಿವರಿಸಿದ ಪ್ರಸಿದ್ಧ ‘ಕಾಕ್‌ಟೇಲ್ ಪಾರ್ಟಿ ಸಮಸ್ಯೆ’ ಇದೇ. ಆದ್ದರಿಂದ ಫ್ಯಾನಿನ ಸದ್ದಿನಿಂದ ಆರಂಭಿಸಿ, ಮಾತಿನ ರೋಹಿತಕ್ಕೆ ಹೊಂದಿಸಿದ ಗದ್ದಲ, ಸಂತೆಯ ಸದ್ದು, ಕೊನೆಗೆ ಕನ್ನಡದ ಕಲಕಲ ಎಂಬ ಏರಿಕೆ ಸೂಕ್ತ. ಕಲಕಲದಲ್ಲಿ ಇಬ್ಬರು ಮೂವರ ಮಾತಿದ್ದರೆ ಒಂದೊಂದು ಪದ ಹೊರಬಿದ್ದು ಗಮನ ಕದಿಯುತ್ತದೆ. ಎಂಟು ಹತ್ತು ಜನರದಾದರೆ ಅದು ಮತ್ತೆ ಏಕರೂಪದ ಸದ್ದಿನತ್ತ ಸಾಗುತ್ತದೆ.

ಗದ್ದಲದ ತುಣುಕು ಕೆಲವೇ ಸೆಕೆಂಡಿನದಾಗಿದ್ದು ಮರುಕಳಿಸುತ್ತಿದ್ದರೆ ಚುರುಕಾದ ಮಗು ಅದನ್ನೇ ಬಾಯಿಪಾಠ ಮಾಡಿಕೊಳ್ಳುತ್ತದೆ. ಹಲವು ನಿಮಿಷಗಳ ಮುದ್ರಣವಿದ್ದು, ಪ್ರತಿ ಸಲ ಬೇರೆ ಜಾಗದಿಂದ ಆರಂಭವಾಗಬೇಕು.

ಕನ್ನಡದ ಮಾತಿನ ಸಾಮಗ್ರಿ

ಆಮದು ಮಾಡಿದ ತರಬೇತಿ ತಂತ್ರಾಂಶಗಳು ಇಲ್ಲಿಗೆ ಒಗ್ಗದಿರುವುದು ಪೆಟ್ಟಿಗೆಯ ಕಾರಣದಿಂದಲ್ಲ, ಪದಗಳ ಕಾರಣದಿಂದ. ಕನ್ನಡದಲ್ಲಿ ಸ್ವರದ ಉದ್ದವೇ ಅರ್ಥವನ್ನು ಬದಲಿಸುತ್ತದೆ: ಬಳೆ–ಬಾಳೆ. ವ್ಯಂಜನದ ಒತ್ತು ಬದಲಿಸುತ್ತದೆ: ಕತೆ–ಕತ್ತೆ, ಹಳಿ–ಹಳ್ಳಿ. ಇವು ಕಾಲದ ಅಳತೆಯ ಭೇದಗಳಾದ್ದರಿಂದ ತೀವ್ರ ದೋಷವುಳ್ಳ ಮಗುವೂ ಬೇಗ ಹಿಡಿಯಬಲ್ಲದು, ಆರಂಭಕ್ಕೆ ಒಳ್ಳೆಯವು. ಬಾಯಿ–ತಾಯಿ–ನಾಯಿ, ಹಾಲು–ಸಾಲು, ಕರಿ–ಗರಿಗಳಂಥ ಜೋಡಿಗಳು ನಂತರದವು. ಮನೆ–ಮಣೆ, ಕಲೆ–ಕಳೆಗಳ ನಕಾರ ಣಕಾರ, ಲಕಾರ ಳಕಾರಗಳ ಭೇದ ಗದ್ದಲದಲ್ಲಿ ಬಹು ಸೂಕ್ಷ್ಮ. ಕೆಲವು ಕಡೆಯ ಆಡುಮಾತಿನಲ್ಲಿ ದೊಡ್ಡವರೇ ಇವನ್ನು ಬೇರ್ಪಡಿಸಿ ನುಡಿಯುವುದಿಲ್ಲ. ಮನೆಯವರು ನುಡಿಯದ ಭೇದವನ್ನು ಮಗು ಕೇಳಲಿಲ್ಲವೆಂದು ಅಂಕ ಕಳೆಯುವುದು ಸರಿಯಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಯಾವಾಗ, ಹೌದೋ ಅಲ್ಲವೋ ಎಂಬುದೆಲ್ಲ ಕೊನೆಯ ಅಕ್ಷರಗಳಲ್ಲಿ ಅಡಗಿರುತ್ತದೆ. ‘ಬರುತ್ತಾನೆ’, ‘ಬರುತ್ತಾಳೆ’ಗಳ ಭೇದ ಒಂದೇ ಅಕ್ಷರದ್ದು. ಮಾತನಾಡುವವರ ದನಿ ಸಾಮಾನ್ಯವಾಗಿ ಇಳಿಯುವುದೂ ವಾಕ್ಯದ ಕೊನೆಯಲ್ಲಿಯೇ. ಹೀಗೆ ಅರ್ಥದ ಭಾರ ಹೆಚ್ಚಿರುವ ಜಾಗವೇ ಧ್ವನಿ ಕ್ಷೀಣವಾಗುವ ಜಾಗವಾಗಿದೆ. ಬಿಡಿಪದಗಳಲ್ಲಿ ಮಾತ್ರ ಪಳಗಿದ ಮಗು ಇಲ್ಲಿ ಎಡವುತ್ತದೆ. ವಾಕ್ಯದ ಕೊನೆಯನ್ನೇ ಗುರಿಯಾಗಿಟ್ಟ ಅಭ್ಯಾಸಗಳನ್ನು ಕನ್ನಡಕ್ಕಾಗಿ ಪ್ರತ್ಯೇಕವಾಗಿ ರಚಿಸಬೇಕು.

ಇದಕ್ಕೆ ನೆಲೆಗಟ್ಟು ಈಗಾಗಲೇ ಇದೆ. ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಕನ್ನಡದ ಧ್ವನಿಸಮತೋಲಿತ ಪದಪಟ್ಟಿಗಳನ್ನು ಸಿದ್ಧಪಡಿಸಿದರು. 2014ರಲ್ಲಿ ಗೀತಾ ಮತ್ತು ಸಹಸಂಶೋಧಕರು ಕನ್ನಡ ವಾಕ್ಯ ಗುರುತಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ಇವೆರಡೂ ಪರೀಕ್ಷಾ ಸಾಮಗ್ರಿಗಳು ಎಂಬುದನ್ನು ಗಮನಿಸಬೇಕು. ಪರೀಕ್ಷೆಯ ವಾಕ್ಯಗಳನ್ನೇ ತರಬೇತಿಗೂ ಬಳಸಿದರೆ ಪ್ರಶ್ನೆಪತ್ರಿಕೆಯನ್ನು ಮೊದಲೇ ಹಂಚಿದಂತಾಗುತ್ತದೆ. ಅದೇ ಮಾದರಿಯಲ್ಲಿ, ಬೇರೆ ಪದ ಬೇರೆ ವಾಕ್ಯಗಳು ಬೇಕು. ಹೆಣ್ಣು, ಗಂಡು, ಮಗು ಮೂವರ ದನಿಯಲ್ಲಿ ಮುದ್ರಿಸಿ, ಪ್ರತಿ ತುಣುಕಿನ ಸರಾಸರಿ ಮಟ್ಟವನ್ನು ಸಮಗೊಳಿಸಬೇಕು.

ಅಳತೆಯ ಹೊಂದಾಣಿಕೆ

ಸಾಧನವನ್ನು ಬಳಕೆಗೆ ಕೊಡುವ ಮುನ್ನ ಧ್ವನಿಮಟ್ಟ ಮಾಪಕದಿಂದ ಅಳೆದು ಹೊಂದಿಸುವುದು ಇಡೀ ಕೆಲಸದ ಜೀವಾಳ. ಮಾತಿನ ಸರಾಸರಿ ಮಟ್ಟಕ್ಕೆ ಸಮನಾಗಿಸಿದ ಗದ್ದಲವನ್ನು ನುಡಿಸಿ, ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿ, ಮಗುವಿನ ಕಿವಿಯ ಎತ್ತರದಲ್ಲಿ ಮಾಪಕವನ್ನು ಹಿಡಿದು, ಓದು 65 ಬರುವಂತೆ ಒಳಗಿನ ಸಂಖ್ಯೆಯನ್ನು ಸರಿಪಡಿಸಿ ಬೀಗ ಹಾಕಬೇಕು. ಫೋನಿನ ಉಚಿತ ಆ್ಯಪ್‌ಗಳಿಂದ ಈ ಕೆಲಸ ಆಗದು. ಅವುಗಳ ಓದು ಫೋನಿನಿಂದ ಫೋನಿಗೆ ಬದಲಾಗುತ್ತದೆ. ಮನೆಯಲ್ಲಿ ಒಂದು ಮೀಟರ್ ಅಳೆಯಲು ಪೆಟ್ಟಿಗೆಗೆ ಒಂದು ಮೀಟರ್ ಉದ್ದದ ದಾರ ಕಟ್ಟಿಬಿಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ದಾರಕ್ಕೆ ಬ್ಯಾಟರಿ ಬೇಡ, ಓದು ಬರಹವೂ ಬೇಡ.

ಸಾಧನದ ಬ್ಯಾಟರಿ ಇಳಿದಂತೆ ಧ್ವನಿಯೂ ಇಳಿಯಬಾರದು. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಕುಂಟುತ್ತ ನಡೆಯುವ ಬದಲು ಸಾಧನ ಸ್ವಚ್ಛವಾಗಿ ನಿಂತುಬಿಡಬೇಕು.

ಬಳಕೆಯ ಕ್ರಮ

ದಿನದ ಅಭ್ಯಾಸ ಆರಂಭವಾಗುವುದು ಮಗುವಿನ ಶ್ರವಣ ಸಾಧನದ ತಪಾಸಣೆಯಿಂದ. ಡೇನಿಯಲ್ ಲಿಂಗ್ ಸೂಚಿಸಿದ ಆರು ಧ್ವನಿಗಳನ್ನು, ಅಂದರೆ ಆ, ಈ, ಊ, ಮ್, ಶ್, ಸ್ ಎಂಬುವನ್ನು, ತುಟಿ ಕಾಣದಂತೆ ಒಂದೊಂದಾಗಿ ಹೇಳಿ ಮಗು ಪ್ರತಿಕ್ರಿಯಿಸುತ್ತದೆಯೇ ಎಂದು ನೋಡುವುದು. ಮಾತಿನ ಕೆಳಸ್ವರದಿಂದ ಮೇಲ್ಸ್ವರದವರೆಗಿನ ಹರವು ಈ ಆರರಲ್ಲಿ ಅಡಕವಾಗಿದೆ. ನಿನ್ನೆ ಕೇಳಿಸುತ್ತಿದ್ದ ‘ಸ್’ ಇಂದು ಕೇಳಿಸದಿದ್ದರೆ ತರಬೇತಿ ಬಿಟ್ಟು ಮೊದಲು ಸಾಧನದ ಬ್ಯಾಟರಿಯನ್ನೂ ಕಿವಿಯ ಅಚ್ಚಿನ ಕೊಳವೆಯನ್ನೂ ನೋಡಬೇಕು.

ನಾರ್ಮನ್ ಅರ್ಬರ್ 1982ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳನ್ನು ಇಲ್ಲಿಯೂ ಅನುಸರಿಸಲಾಗುತ್ತದೆ: ಸದ್ದು ಇದೆಯೆಂದು ಅರಿಯುವುದು, ಎರಡು ಸದ್ದು ಬೇರೆಯೆಂದು ತಿಳಿಯುವುದು, ಇಂಥದೇ ಎಂದು ಗುರುತಿಸುವುದು, ಕೇಳಿದ್ದನ್ನು ಅರ್ಥಮಾಡಿಕೊಂಡು ಉತ್ತರಿಸುವುದು. ಗದ್ದಲವನ್ನು ಎಷ್ಟು ಏರಿಸಬೇಕೆಂಬುದನ್ನು ಮಗುವಿನ ಉತ್ತರವೇ ತೀರ್ಮಾನಿಸುತ್ತದೆ. ಸತತವಾಗಿ ಎರಡು ಸರಿಯಾದರೆ ಗದ್ದಲ 2 ಡೆಸಿಬೆಲ್ ಏರುತ್ತದೆ. ಒಂದು ತಪ್ಪಿದರೆ 2 ಇಳಿಯುತ್ತದೆ. ಹ್ಯಾರಿ ಲೆವಿಟ್ 1971ರಲ್ಲಿ ತೋರಿಸಿಕೊಟ್ಟಂತೆ, ಈ ನಿಯಮದಲ್ಲಿ ಕೇಳುಗ ನೂರಕ್ಕೆ ಸುಮಾರು 71 ಸರಿಯುತ್ತರ ನೀಡುವ ಮಟ್ಟದಲ್ಲಿ ಆಟ ನೆಲೆನಿಲ್ಲುತ್ತದೆ. ಶಿಕ್ಷಣದ ದೃಷ್ಟಿಯಿಂದ ಇದು ಸುಂದರವಾದ ಸಂಖ್ಯೆ: ಮಗು ಸೋಲಿಗಿಂತ ಹೆಚ್ಚು ಗೆಲುವನ್ನು ಕಾಣುತ್ತದೆ, ಆದರೆ ಗೆಲುವು ಪುಕ್ಕಟೆಯಾಗಿ ಸಿಗುವುದಿಲ್ಲ. ಮಾತು 65ರಲ್ಲಿ ಸ್ಥಿರವಾಗಿದ್ದು ಗದ್ದಲ 45ರಿಂದ 65ರವರೆಗೆ ಏರಿದರೆ ಅಂತರ +20ರಿಂದ ಸೊನ್ನೆಯವರೆಗೆ ಸಾಗುತ್ತದೆ. ಎಲ್ಲ ಮಕ್ಕಳೂ ಸೊನ್ನೆಯನ್ನು ಮುಟ್ಟಲೇಬೇಕೆಂದಿಲ್ಲ. +14ರಲ್ಲಿ ನಿಂತಿದ್ದ ಮಗು +10ಕ್ಕೆ ಬಂದರೆ ಅದೇ ದೊಡ್ಡ ದಾರಿ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಹೇಳಿಸುವವರು ತಪ್ಪಿಗೆ ಗದರಬಾರದು. ಸರಿಯುತ್ತರವನ್ನು ಗದ್ದಲವಿಲ್ಲದೆ ಒಮ್ಮೆ, ಅದೇ ಗದ್ದಲದಲ್ಲಿ ಮತ್ತೊಮ್ಮೆ ಕೇಳಿಸಬೇಕು. ‘ಇನ್ನೊಮ್ಮೆ’ ಎಂಬ ಗುಂಡಿ ಈ ಕಾರಣಕ್ಕೆ ಪೆಟ್ಟಿಗೆಯ ಮೇಲಿನ ಅತ್ಯಂತ ದೊಡ್ಡ ಗುಂಡಿಯಾಗಿರಬೇಕು.

ಸುರಕ್ಷತೆ

ಗದ್ದಲವನ್ನು ಉಂಟುಮಾಡುವ ಯಂತ್ರವನ್ನು ಈಗಾಗಲೇ ದೋಷವಿರುವ ಕಿವಿಯ ಬಳಿ ಇಡುತ್ತಿದ್ದೇವೆ. ಮೇಲೆ ಹೇಳಿದ ಮಿತಿಯೊಳಗೆ ಮಾತೂ ಗದ್ದಲವೂ ತಲಾ 65 ಆದಾಗ ಒಟ್ಟು ಮಟ್ಟ 68 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನಕ ಮಕ್ಕಳಿಗೆ ವಾರಕ್ಕೆ 40 ಗಂಟೆ 75 ಡೆಸಿಬೆಲ್ ಎಂಬ ಮಿತಿಯನ್ನು ಹೇಳುತ್ತದೆ. ಅದಕ್ಕಿಂತ ಇದು ಬಹಳ ಕೆಳಗಿದೆ. ಆದರೆ ಮಗುವಿನ ಕಿವಿಯೊಳಗೆ ತಲುಪುವುದು ಶ್ರವಣ ಸಾಧನ ಹಿಗ್ಗಿಸಿದ ಧ್ವನಿ. ಅದರ ಗರಿಷ್ಠ ಮಿತಿಯನ್ನು ಶ್ರವಣ ತಜ್ಞರು ಹೊಂದಿಸಿರಬೇಕು. ಶ್ರವಣ ಸಾಧನದ ಮೇಲೆ ಹೆಡ್‌ಫೋನ್ ಹಾಕಿ ತರಬೇತಿ ನೀಡುವುದು ಸಲ್ಲದು. ಪೆಟ್ಟಿಗೆಯ ಗರಿಷ್ಠ ಮಟ್ಟವನ್ನು ವಿದ್ಯುನ್ಮಂಡಲದಲ್ಲಿಯೇ ಬಿಗಿಯಬೇಕು. ತಂತ್ರಾಂಶದ ಮಿತಿಯನ್ನು ತಪ್ಪಾದ ಒಂದು ಸಾಲು ಮೀರಬಲ್ಲದು.

ಈಗಿನ ಶ್ರವಣ ಸಾಧನಗಳಲ್ಲಿ ಗದ್ದಲವನ್ನು ತಾವಾಗಿಯೇ ತಗ್ಗಿಸುವ ವ್ಯವಸ್ಥೆಯಿರುತ್ತದೆ. ತರಬೇತಿಯ ಹೊತ್ತಿನಲ್ಲಿ ಅದನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಮಗು ಶಾಲೆಯಲ್ಲಿ ಯಾವ ಹೊಂದಾಣಿಕೆಯಲ್ಲಿ ಕೇಳುತ್ತದೆಯೋ ಅದರಲ್ಲಿಯೇ ಅಭ್ಯಾಸ ಮಾಡಿಸುವುದು ಸಮಂಜಸ.

ಮಿತಿಗಳು

ಶ್ರವಣ ತರಬೇತಿಯ ಫಲದ ಬಗ್ಗೆ ಅತಿಯಾದ ಭರವಸೆ ನೀಡುವ ಜಾಹೀರಾತುಗಳಿವೆ. ಪುರಾವೆ ಅಷ್ಟು ಉದಾರವಾಗಿಲ್ಲ. ಹೆನ್‌ಷಾ ಮತ್ತು ಫರ್ಗ್ಯೂಸನ್ 2013ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಕಂಪ್ಯೂಟರ್ ಆಧಾರಿತ ತರಬೇತಿಯಿಂದ ಜನರು ಅಭ್ಯಾಸ ಮಾಡಿದ ವಿಷಯದಲ್ಲಿ ಸುಧಾರಿಸುತ್ತಾರೆ; ಅಭ್ಯಾಸ ಮಾಡದ ಸಂದರ್ಭಗಳಿಗೆ ಆ ಲಾಭ ಹರಡುವುದು ಕಡಿಮೆ ಮತ್ತು ಅನಿಶ್ಚಿತ. ಅಮೆರಿಕದಲ್ಲಿ ಸ್ವೀಟೋ ಮತ್ತು ಸೇಬ್ಸ್ ರೂಪಿಸಿದ ‘ಲೇಸ್’ ಎಂಬ ಹೆಸರಾಂತ ತರಬೇತಿಯನ್ನು ಮಾಜಿ ಸೈನಿಕರ ದೊಡ್ಡ ಗುಂಪಿನಲ್ಲಿ ಪರೀಕ್ಷಿಸಿದಾಗ, ಶ್ರವಣ ಸಾಧನದ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲವೆಂದು 2016ರಲ್ಲಿ ವರದಿಯಾಯಿತು. ಅವರು ವಯಸ್ಕರು, ಬೆಳೆಯುವ ಮಗುವಿನ ಮಿದುಳು ಬೇರೆ. ಹಾಗಿದ್ದರೂ ಪೆಟ್ಟಿಗೆಯ ಮೇಲಿನ ಅಂಕ ಏರಿದ್ದನ್ನೇ ಪ್ರಗತಿಯೆಂದು ಬಗೆಯದೆ, ತಜ್ಞರು ಬೇರೆ ಪದಪಟ್ಟಿಯಿಂದ ಆಗಾಗ ಪರೀಕ್ಷಿಸುವುದೂ, ತರಗತಿಯ ಶಿಕ್ಷಕರ ಅನಿಸಿಕೆ ಕೇಳುವುದೂ ಅಗತ್ಯ.

ತರಬೇತಿ ಪಡೆದ ಮಗುವನ್ನು ಗದ್ದಲದ ನಡುವೆ ಹಿಂದಿನ ಬೆಂಚಿನಲ್ಲಿ ಕೂರಿಸಲು ಈ ಸಾಧನ ಪರವಾನಗಿಯಲ್ಲ. ಶಿಕ್ಷಕರ ಕೊರಳಿನ ಮೈಕ್ರೊಫೋನಿನಿಂದ ಮಾತನ್ನು ನೇರವಾಗಿ ಶ್ರವಣ ಸಾಧನಕ್ಕೆ ತಲುಪಿಸುವ ಎಫ್‌ಎಂ ವ್ಯವಸ್ಥೆ ಮಾತು–ಗದ್ದಲ ಅಂತರವನ್ನು ಯಾವ ತರಬೇತಿಗಿಂತಲೂ ಹೆಚ್ಚು ಸುಧಾರಿಸುತ್ತದೆ. ಅದು ಇಲ್ಲದ ಶಾಲೆಯಲ್ಲಿ ಮಗುವನ್ನು ಕಿಟಕಿ ಮತ್ತು ಬಾಗಿಲಿನಿಂದ ದೂರವಿರುವ ಮುಂದಿನ ಸಾಲಿನಲ್ಲಿ ಕೂರಿಸುವುದು, ಕಪ್ಪುಹಲಗೆಯತ್ತ ಮುಖ ಮಾಡಿ ಮಾತನಾಡದಿರುವುದು, ಕಿರುಗುಟ್ಟುವ ಫ್ಯಾನಿಗೆ ಎಣ್ಣೆ ಹಾಕಿಸುವುದು ಖರ್ಚಿಲ್ಲದ ಉಪಾಯಗಳು. ತೀವ್ರ ದೋಷವಿದ್ದು ಸನ್ನೆ ಭಾಷೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಈ ತರಬೇತಿ ಅನಿವಾರ್ಯವೂ ಅಲ್ಲ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ಬೇಕಾದುದು ಗದ್ದಲವಿಲ್ಲದ ವಾತಾವರಣದಲ್ಲಿ ಹೇರಳವಾದ ಮಾತು. ಮಾತನ್ನೇ ಇನ್ನೂ ಕಲಿಯದ ಮಗುವಿಗೆ ಅದನ್ನು ಗದ್ದಲದಿಂದ ಹೆಕ್ಕು ಎನ್ನುವಂತಿಲ್ಲ.